ಸಾವಿರಾರು ಜನರ ಸಂಬಳ ಕೈಯಲ್ಲಿರುವಾಗ ಸರ್ಕಾರಕ್ಕೆ ‘ಆಗಲ್ಲ’ ಅನ್ನೋದು ಹೇಗೆ?

ದೊಡ್ಡ ಕಂಪನಿಗಳ ಬಗ್ಗೆ ಬರೆದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಸರ್ಕಾರವನ್ನು ಎದುರು ಹಾಕಿಕೊಂಡರೆ ಲೈಸೆನ್ಸ್ ಹೋಗಬಹುದು, ದಾಳಿ ಆಗಬಹುದು, ಸಾವಿರಾರು ಜನ ಕೆಲಸ ಕಳೆದುಕೊಳ್ಳಬಹುದು. ಹಾಗಿರುವಾಗ ಕಂಪನಿಯ ಮುಖ್ಯಸ್ಥರು ಸುಮ್ಮನಿದ್ದರೆ ತಪ್ಪೇನು?

ಈ ಭಯ ಸುಳ್ಳಲ್ಲ. ಅದಕ್ಕೇ ನಾನು ಅವರಿಂದ ಭಾಷಣ ಬಯಸುವುದಿಲ್ಲ. ಅವರು ಏನು ಹೇಳಿದರು ಅನ್ನುವುದಕ್ಕಿಂತ ಸರ್ಕಾರಕ್ಕೆ ಏನು ಕೊಟ್ಟರು ಅಂತ ನೋಡುತ್ತೇನೆ. ಹಣವೋ, ಮಾಲೋ, ಗ್ರಾಹಕರ ಮಾಹಿತಿಯೋ?

ಕಾರ್ಲ್ ಬಾಷ್ ಅವರ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. 1931ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ, ಜರ್ಮನಿಯ ಐಜಿ ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಯ ಮುಖ್ಯಸ್ಥ. ಯಹೂದಿ ವಿಜ್ಞಾನಿಗಳನ್ನು ಓಡಿಸಿದರೆ ದೇಶದ ವಿಜ್ಞಾನವೇ ಹಾಳಾಗುತ್ತದೆ ಎಂದು 1933ರಲ್ಲಿ ಹಿಟ್ಲರ್‌ನ ಎದುರೇ ಹೇಳಿದರು. ಎಷ್ಟು ಜನ ಹೇಳಿಯಾರು! ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಅವರ ಕಂಪನಿ ನಾಜಿಗಳ ಚುನಾವಣೆಗೆಂದು 4 ಲಕ್ಷ ಮಾರ್ಕ್ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ, ಕಲ್ಲಿದ್ದಲಿನಿಂದ ತಯಾರಿಸುವ ಪೆಟ್ರೋಲಿಗೆ ಸರ್ಕಾರ ಇಂತಿಷ್ಟು ಬೆಲೆ ಕೊಟ್ಟೇ ಕೊಡುತ್ತದೆ ಅನ್ನುವ ಒಪ್ಪಂದಕ್ಕೂ ಸಹಿ ಬಿತ್ತು. ಕಂಪನಿಯ ಲಾಭವೆಲ್ಲ ಆ ಸರ್ಕಾರದ ಜೊತೆ ಗಂಟು ಬಿದ್ದ ಮೇಲೆ ಮುಖ್ಯಸ್ಥರ ಮಾತಿಗೆ ಯಾವ ತೂಕ ಉಳಿಯುತ್ತದೆ? ಬಾಷ್ 1940ರಲ್ಲಿ ತೀರಿಕೊಂಡರು. ಆಮೇಲೆ ಅದೇ ಕಂಪನಿ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದ ಪಕ್ಕದಲ್ಲಿ ಕಾರ್ಖಾನೆ ಕಟ್ಟಿತು, ಕೈದಿಗಳನ್ನು ಸಾಯುವವರೆಗೂ ದುಡಿಸಿತು. 1948ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯ ಅದರ 13 ಅಧಿಕಾರಿಗಳನ್ನು ತಪ್ಪಿತಸ್ಥರು ಎಂದಿತು.

ಆ ಕಾಲ ಬೇರೆ, ಅಂತೀರಾ? 2004ರಲ್ಲಿ ಚೀನಾದ ಪತ್ರಕರ್ತ ಶಿ ತಾವ್ ಸರ್ಕಾರದ ಒಂದು ಸೂಚನೆಯನ್ನು ಇಮೇಲ್‌ನಲ್ಲಿ ಹೊರಗೆ ಕಳಿಸಿದರು. 1989ರಲ್ಲಿ ಚೀನಾ ಸೇನೆ ಪ್ರತಿಭಟನಕಾರರನ್ನು ಕೊಂದ ತಿಯಾನನ್ಮೆನ್ ಹತ್ಯಾಕಾಂಡದ ವಾರ್ಷಿಕದ ಹೊತ್ತಿನಲ್ಲಿ ಪತ್ರಿಕೆಗಳು ಹೇಗಿರಬೇಕು ಅನ್ನುವ ಸೂಚನೆ ಅದು. ಪೊಲೀಸರು ಕೇಳಿದರು, ಅವರ ಇಮೇಲ್ ನಡೆಸುತ್ತಿದ್ದ ಅಮೆರಿಕದ ಕಂಪನಿ ಯಾಹೂ ಖಾತೆಯ ವಿವರ ಕೊಟ್ಟಿತು. ಶಿ ತಾವ್‌ಗೆ 10 ವರ್ಷ ಜೈಲು. ಅಲ್ಲಿನ ಕಾನೂನು ಪಾಲಿಸಿದೆವು ಅಂತ ಕಂಪನಿ ವಾದಿಸಿತು. 2007ರಲ್ಲಿ ಅದರ ಮುಖ್ಯಸ್ಥ ಜೆರ್ರಿ ಯಾಂಗ್ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಶಿ ತಾವ್ ಅವರ ತಾಯಿಗೆ ತಲೆಬಾಗಿ ಕ್ಷಮೆ ಕೇಳಿದರು. ಆ ಕ್ಷಮೆ ನಿಜವೇ ಇರಬಹುದು. ಆದರೆ ಪೊಲೀಸರು ಬಾಗಿಲಿಗೆ ಬಂದ ದಿನ ಯೋಚಿಸುವ ವಿಷಯ ಅಲ್ಲ ಇದು. ಅಂಥ ದೇಶದಲ್ಲಿ ಜನರ ಪತ್ರಗಳನ್ನು ನಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಕಾ ಅಂತ ಅಲ್ಲಿಗೆ ಹೋಗುವ ಮೊದಲೇ ಕೇಳಿಕೊಳ್ಳಬೇಕಿತ್ತು, ಅಲ್ವಾ?

ಇನ್ನು ನೌಕರರ ಸಂಬಳದ ಮಾತು. ನೌಕರರ ಹೆಸರು ಹೇಳುವವರು ನೌಕರರನ್ನು ಕೇಳಿದ್ದನ್ನು ನಾನು ಕಂಡಿದ್ದು ಕಡಿಮೆ. 1970ರಲ್ಲಿ ಅಮೆರಿಕದ ಪೋಲರಾಯ್ಡ್ ಎಂಬ ಕ್ಯಾಮೆರಾ ಕಂಪನಿಯ ಇಬ್ಬರು ಕಪ್ಪು ನೌಕರರಿಗೆ, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್‌ಗೆ, ಒಂದು ವಿಷಯ ಗೊತ್ತಾಯಿತು. ವರ್ಣಭೇದದ ಆಡಳಿತವಿದ್ದ ದಕ್ಷಿಣ ಆಫ್ರಿಕಾದ ಕಪ್ಪು ಜನ ಎಲ್ಲಿಗೆ ಹೋದರೂ ಜೊತೆಗಿಟ್ಟುಕೊಳ್ಳಬೇಕಿದ್ದ ಪಾಸ್‌ಬುಕ್ ಎಂಬ ಗುರುತಿನ ಪುಸ್ತಕದ ಫೋಟೋಗಳಿಗೆ ತಮ್ಮ ಕಂಪನಿಯ ಸಲಕರಣೆ ಬಳಕೆಯಾಗುತ್ತಿತ್ತು. ಅಲ್ಲಿಗೆ ಮಾರುವುದನ್ನು ನಿಲ್ಲಿಸಿ ಎಂದು ಇಬ್ಬರೂ ಹಟ ಹಿಡಿದರು. ಕಂಪನಿ ಹಂಟರ್ ಅವರನ್ನು ಕೆಲಸದಿಂದ ತೆಗೆಯಿತು. ಅವರು ಬಿಡಲಿಲ್ಲ, ಹೊರಗಿನಿಂದ ಹೋರಾಡಿದರು. ಕೊನೆಗೆ 1977ರಲ್ಲಿ ಪೋಲರಾಯ್ಡ್ ದಕ್ಷಿಣ ಆಫ್ರಿಕಾ ಬಿಟ್ಟು ಹೊರಬಂತು.