ಪೀಲ್ ಹೊಳೆಯ ಈಚೆ ದಡ

ಆಗಸ್ಟ್ 3, 2025, ಭಾನುವಾರ
ಡೆಂಪ್‌ಸ್ಟರ್ ಹೆದ್ದಾರಿ, ಕೆನಡಾ

ಫೆರ್ರಿ ನಿಂತಿದೆ. ಮೇಲೆ ಬೆಟ್ಟದ ಕಡೆ ಜೋರು ಮಳೆಯಾಗಿದೆಯಂತೆ. ಹೊಳೆ ಕೆಂಪಗೆ ಏರಿದೆ. ದೊಡ್ಡ ದೊಡ್ಡ ಮರಗಳು ಬೇರು ಸಮೇತ ತೇಲಿ ಬರುತ್ತಿವೆ. ಇಲ್ಲಿ ಫೆರ್ರಿ ಓಡುವುದು ದಡದಿಂದ ದಡಕ್ಕೆ ಕಟ್ಟಿದ ಕೇಬಲ್ ಹಿಡಿದು. ಮರ ಬಂದು ಕೇಬಲ್ಲಿಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಅದಕ್ಕೇ ಆಚೆ ದಡಕ್ಕೆ ಕಟ್ಟಿ ಹಾಕಿ ಕೂತಿದ್ದಾರೆ.

ರಾತ್ರಿ ಹನ್ನೊಂದು ಗಂಟೆ. ಬಿಸಿಲು ಇನ್ನೂ ಹೋಗಿಲ್ಲ. ಕಾರಿನ ಮುಂದಿನ ಸೀಟಲ್ಲಿ ಕಾಲು ಮಡಚಿ ಕೂತು ಫೋನಿನಲ್ಲಿ ಇದನ್ನು ಕುಟ್ಟುತ್ತಿದ್ದೇನೆ. ಡಾಸನ್ ಕಡೆಯಿಂದ ಈ ರಸ್ತೆಗೆ ತಿರುಗಿದ ಮೇಲೆ ಸಿಗ್ನಲ್ ಅನ್ನೋದೇ ಇಲ್ಲ. ಈ ರಸ್ತೆ ಮುಗಿಯುವ ಊರು ಇನುವಿಕ್. ಅಲ್ಲಿ ಮುಟ್ಟಿದ ಮೇಲೆ ಹಾಕುತ್ತೇನೆ. ಮುಟ್ಟಿದರೆ.

ಅಪ್ಪನಿಗೆ ಸಿಟ್ಟು ಬಂದಿರೋದು ಗಡಿಯ ಮೇಲೆ. ಯೂಕಾನ್ ಮುಗಿದು ನಾರ್ತ್‌ವೆಸ್ಟ್ ಟೆರಿಟರೀಸ್ ಶುರುವಾಗುವ ಘಟ್ಟದ ಮೇಲೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. "ಅಲ್ಲೇ ಒಂದು ಗಂಟೆ ಹೊಡೆದ್ರು ನೋಡು. ಅದಿದ್ದಿದ್ರೆ ಫೆರ್ರಿ ಸಿಕ್ತಿತ್ತು." ಲೆಕ್ಕ ಹಾಗೆ ಬರುವುದಿಲ್ಲ ಅಂತ ಜೊತೆಗಿರುವ ಹರಿ ವಿವರಿಸಲು ಹೋದ. ಅಡಿಕೆ ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರಿಗೆ ಲೆಕ್ಕ ಹೇಳಿಕೊಡಬಾರದು. ಸುಮ್ಮನಾದ.

ಅಪ್ಪ ಗೊತ್ತಲ್ಲ ನಿಮಗೆ. ರೈಲಿಗೆ ಎರಡು ಗಂಟೆ ಮೊದಲೇ ಸ್ಟೇಷನ್ನಿನಲ್ಲಿ ಇರುವ ಜನ. ಅಂಥವರನ್ನು ಕೂರಿಸಿಕೊಂಡು ಬುಕಿಂಗ್ ಇಲ್ಲದ ಪ್ರವಾಸ. ಅಮ್ಮ ಜಾಣೆ, ಚಿನ್ನು ಜೊತೆ ಕ್ಯಾಲ್ಗರಿಯಲ್ಲೇ ಉಳಿದಳು. ವೈಟ್‌ಹಾರ್ಸ್ ತನಕ ನಮಗೂ ಎಲ್ಲಿಗೆ ಅನ್ನೋದು ಗೊತ್ತಿರಲಿಲ್ಲ. ಸ್ಕಾಗ್ವೇಗೆ ಇಳಿದು, ಅಲ್ಲಿಂದ ಹೇನ್ಸ್‌ಗೆ ಅಲಾಸ್ಕಾದ ಸರ್ಕಾರಿ ಫೆರ್ರಿ ಹಿಡಿಯೋಣ ಅಂತ ಹರಿಗೆ ಆಸೆ. ಸಮುದ್ರದ ಮೇಲೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಅದೇ ಎರಡು ಊರಿನ ನಡುವೆ ರಸ್ತೆಯಲ್ಲಿ ಹೋದರೆ ಬೆಟ್ಟ ಸುತ್ತಿ, ಕೆನಡಾಕ್ಕೆ ಬಂದು, ಮತ್ತೆ ಅಲಾಸ್ಕಾಕ್ಕೆ ಇಳಿದು ಸುಮಾರು 570 ಕಿ.ಮೀ. ಆದರೆ ಅಪ್ಪನಿಗೆ ಅಮೆರಿಕದ ವೀಸಾ ಇಲ್ಲ. ಹಾಗಾಗಿ ಪಶ್ಚಿಮದ ದಾರಿಗಳೆಲ್ಲ ಬಂದ್. ಉಳಿದದ್ದು ಉತ್ತರ.

ಡಾಸನ್‌ನಲ್ಲಿ ಯೂಕಾನ್ ನದಿಯ ಫೆರ್ರಿ ಪುಕ್ಕಟೆ. ಆಚೆ ಕೆಲಸವಿಲ್ಲದಿದ್ದರೂ ಹತ್ತಿ, ಇಳಿದು, ವಾಪಸ್ ಬಂದೆವು. ಟಿಕೆಟ್ ಯಾರೂ ಕೇಳಲಿಲ್ಲ ಅಂತ ಅಪ್ಪನಿಗೆ ದಿನವಿಡೀ ಸಮಾಧಾನ ಇರಲಿಲ್ಲ.

ಡೆಂಪ್‌ಸ್ಟರ್ ಬಗ್ಗೆ ಬರೆಯಬೇಕು, ಆದರೆ ಬೆನ್ನು ನೋಯುತ್ತಿದೆ. ಇನುವಿಕ್ ತನಕ 740 ಕಿ.ಮೀ. ಬರೀ ಜಲ್ಲಿ. ಡಾಂಬರು ಯಾಕಿಲ್ಲ ಅಂದರೆ ಕೆಳಗಿನ ನೆಲ ಹೆಪ್ಪುಗಟ್ಟಿದ ನೆಲ. ಅದು ಕರಗಿದರೆ ರಸ್ತೆ ಕುಸಿಯುತ್ತದೆ. ಅದಕ್ಕೆ ಒಂದೆರಡು ಮೀಟರ್ ದಪ್ಪಕ್ಕೆ ಜಲ್ಲಿ ಪೇರಿಸಿ, ನೆಲಕ್ಕೆ ಬಿಸಿ ತಾಗದ ಹಾಗೆ ಮುಚ್ಚಿ, ಮೇಲೆ ದಾರಿ ಮಾಡಿದ್ದಾರೆ. 1979ರಲ್ಲಿ ಮುಗಿದ ರಸ್ತೆ. ಒಂದು ಕಡೆ ರಸ್ತೆಯನ್ನೇ ಅಗಲ ಮಾಡಿ, ತುರ್ತಿಗೆ ವಿಮಾನ ಇಳಿಯುವ ಜಾಗ ಅಂತ ಬೋರ್ಡ್ ಹಾಕಿದ್ದಾರೆ. ಕಲ್ಲು ಚೂಪು. ಓಗಿಲ್ವಿ ಬೆಟ್ಟದ ಹತ್ತಿರ ಒಂದು ಟೈರು ಹೋಯಿತು. ಎರಡು ಸ್ಟೆಪ್ನಿ ತಂದಿದ್ದೆವು, ಈಗ ಒಂದು ಉಳಿದಿದೆ. ಬೆಟ್ಟದ ಇಳಿಜಾರೆಲ್ಲ ಮರವೇ ಇಲ್ಲದ ಹಸಿರು, ಅಂಚಿನಲ್ಲಿ ಗುಲಾಬಿ ಬಣ್ಣದ ಫೈರ್‌ವೀಡ್. ಚಂದ ಅಂದರೆ ಚಂದ. ಅದಕ್ಕಿಂತ ಜಾಸ್ತಿ ಹೇಳಲು ನನಗೆ ಬರುವುದಿಲ್ಲ. ಫೋಟೋ ಹಾಕುತ್ತೇನೆ.

ಈ ರಸ್ತೆಗೆ ಹೆಸರು ಕೊಟ್ಟ ಡೆಂಪ್‌ಸ್ಟರ್ ಒಬ್ಬ ಪೊಲೀಸ್. 1910ರ ಚಳಿಗಾಲದಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ನಾಯಿಗಾಡಿ ಕಟ್ಟಿಕೊಂಡು ನಾಲ್ಕು ಜನ ಪೊಲೀಸರು ಹೊರಟರು. ಬೇಗ ಮುಟ್ಟಬೇಕು ಅಂತ ಊಟದ ಸಾಮಾನು ಕಡಿಮೆ ಹೊತ್ತರು. ದಾರಿ ಗೊತ್ತಿದ್ದ ಗ್ವಿಚಿನ್ (ಈ ಕಡೆಯ ಮೂಲನಿವಾಸಿಗಳು) ಮನುಷ್ಯನನ್ನು ನಡುವೆಯೇ ವಾಪಸ್ ಕಳಿಸಿದರು. ತಿರುವು ತಪ್ಪಿತು. ನಾಯಿಗಳನ್ನೇ ತಿಂದರು. ನಾಲ್ವರೂ ಸತ್ತರು. 1911ರ ಮಾರ್ಚಿನಲ್ಲಿ ಅವರನ್ನು ಹುಡುಕಿದವನು ಡೆಂಪ್‌ಸ್ಟರ್. ಹೊಳೆ ದಾಟಿ ಹೋದರೆ ಸಿಗುವ ಊರಲ್ಲೇ ಅವರ ಸಮಾಧಿ ಇದೆ. ಈ ಕಥೆಯನ್ನು ಹರಿ ಊಟದ ಹೊತ್ತಿಗೆ ಹೇಳಿದ. ಅಪ್ಪ ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆದು ಎಷ್ಟು ಉಳಿದಿದೆ ಅಂತ ನೋಡಿದರು.

ಸರಿ, ಬರೆಯಬೇಕು ಅಂತ ಕೂತದ್ದು ಇದಲ್ಲ.

ನಮ್ಮ ಮುಂದೆ ಒಂದು ಪಿಕಪ್ ನಿಂತಿದೆ. ಹಿಂದುಗಡೆ ತುಂಬಾ ಸಾಮಾನು. ಟೈರುಗಳು, ನಾಯಿ ತಿನ್ನುವ ಆಹಾರದ ಚೀಲ, ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟುಗಳು, ಒಂದು ಹೊಸ ವಾಷಿಂಗ್ ಮೆಷಿನ್. ಒಬ್ಬ ಅಜ್ಜಿ, ಜೊತೆಗೆ ಹದಿನೈದರ ಮೊಮ್ಮಗ. ಮ್ಯಾಕ್‌ಫರ್ಸನ್‌ನವರು, ಗ್ವಿಚಿನ್ ಜನ. ವೈಟ್‌ಹಾರ್ಸ್‌ಗೆ ಹೋಗಿ ಸಾಮಾನು ಹಾಕಿಕೊಂಡು ಬಂದಿದ್ದಾರೆ. ಮನೆ ಹೊಳೆಯಾಚೆ, ಹತ್ತು ಹನ್ನೊಂದು ಕಿ.ಮೀ. ದೂರ.

ಅಪ್ಪ ಹೋಗಿ "ವಾಟ್ ಈಸ್ ಯುವರ್ ಗುಡ್ ನೇಮ್" ಅಂತ ಶುರು ಮಾಡಿದರು. ನಾನು ಕಾರಿನಲ್ಲೇ ತಲೆ ತಗ್ಗಿಸಿದೆ. ಐದು ನಿಮಿಷ ಬಿಟ್ಟು ನೋಡಿದರೆ ಇಬ್ಬರೂ ಪಿಕಪ್ಪಿನ ಹಿಂದೆ ಕೂತು ಥರ್ಮಾಸಿನ ಚಹಾ ಕುಡಿಯುತ್ತಿದ್ದಾರೆ. ಅಜ್ಜಿ ಒಣಮೀನು ಕೊಟ್ಟರು. ಅಪ್ಪ ಕೈ ಮುಗಿದು "ವೆಜಿಟೇರಿಯನ್" ಅಂದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅಮ್ಮನ ಚಕ್ಕುಲಿ ಡಬ್ಬಿ ಆ ಹುಡುಗನ ಕೈಗೆ ಹೋಯಿತು, ಅಲ್ಲೇ ಖಾಲಿಯೂ ಆಯಿತು.

ಆಚೆ ದಡದಲ್ಲಿ ಒಂದು ಲೋಡರ್ ಜಲ್ಲಿ ದೂಡುತ್ತಿತ್ತು. ಇಲ್ಲಿ ಜೆಟ್ಟಿ ಗಿಟ್ಟಿ ಏನಿಲ್ಲ. ನೀರು ಏರಿದಾಗ, ಇಳಿದಾಗ ಜಲ್ಲಿಯ ಇಳಿಜಾರನ್ನು ಹೊಸದಾಗಿ ಮಾಡಬೇಕು, ಇಲ್ಲದಿದ್ದರೆ ಫೆರ್ರಿಯ ಬಾಗಿಲಿನ ಹಲಗೆ ನೆಲಕ್ಕೆ ಕೂರುವುದಿಲ್ಲ. ಅಪ್ಪ ನನ್ನನ್ನು ಕರೆದು ತೋರಿಸಿದರು. "ಪುಟ್ಟೀ, ನೋಡಿಲ್ಲಿ. ನಮ್ಮ ಹೊಳೆಬಾಗಿಲಲ್ಲಿ ಬೇಸಿಗೆಗೆ ನೀರು ಇಳಿದ್ರೆ ವಾಹನ ಹತ್ಸೋದಿಲ್ವಲ್ಲ, ಅದೇ ಇದು."

ಆಮೇಲೆ ಅಜ್ಜಿಗೆ ಸಿಗಂದೂರು ಲಾಂಚಿನ ವಿಷಯ ಹೇಳಲು ಕೂತರು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ್ದು, ಹಿನ್ನೀರು ನಿಂತು ತುಮರಿ ಕಡೆಯ ಊರುಗಳೆಲ್ಲ ಆಚೆ ಉಳಿದದ್ದು, ಸಾಗರಕ್ಕೆ ಬರಬೇಕಾದರೆ ಲಾಂಚ್ ಹತ್ತಬೇಕಾದದ್ದು. ಹೋದ ತಿಂಗಳು ಸೇತುವೆ ಉದ್ಘಾಟನೆ ಆಯಿತಲ್ಲ, 2.44 ಕಿ.ಮೀ. ಉದ್ದದ್ದು, ಅದರ ವಿಡಿಯೋ ಅಪ್ಪನ ಫೋನಿನಲ್ಲೇ ಇತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಎಷ್ಟು ವರ್ಷ ಕಾದಿರಿ?" ಅಂದರು.

"ಸಿಕ್ಸ್ಟಿ," ಅಂದರು ಅಪ್ಪ.

ಅಜ್ಜಿ ತಲೆ ಆಡಿಸಿದರು. ಇಲ್ಲಿಯ ಲೆಕ್ಕ ಹೇಳಿದರು. ಬೇಸಿಗೆಯಲ್ಲಿ ಫೆರ್ರಿ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿದ ಮೇಲೆ ಮಂಜಿನ ಮೇಲೇ ಲಾರಿ ಓಡಿಸುವ ದಾರಿ. ಇವೆರಡರ ನಡುವೆ, ಶರತ್ಕಾಲದಲ್ಲಿ ಹೊಳೆ ಹೆಪ್ಪುಗಟ್ಟುವಾಗ, ವಸಂತದಲ್ಲಿ ಒಡೆಯುವಾಗ, ವಾರಗಟ್ಟಲೆ ಎರಡೂ ಇಲ್ಲ. ಆಗ ಹಾಲು ಮೊಟ್ಟೆ ವಿಮಾನದಲ್ಲಿ ಬರಬೇಕು, ಬೆಲೆ ಕೇಳಬೇಡಿ ಅಂದರು. ಇದೇ ಟೆರಿಟರಿಯಲ್ಲಿ ದಕ್ಷಿಣಕ್ಕೆ, ಫೋರ್ಟ್ ಪ್ರಾವಿಡೆನ್ಸ್ ಹತ್ತಿರ, ಮೆಕೆಂಝಿ ನದಿಗೆ 2012ರಲ್ಲಿ ಸೇತುವೆ ಆಗಿದೆ. ಆ ದಾರಿಯಲ್ಲಿ ರಾಜಧಾನಿ ಯೆಲ್ಲೋನೈಫ್ ಇದೆ. ಈ ಕಡೆ ಮ್ಯಾಕ್‌ಫರ್ಸನ್‌ನಲ್ಲಿ ಏಳುನೂರು ಜನವೂ ಇಲ್ಲ. ತುಮರಿಯವರಿಗೂ ಇಷ್ಟು ವರ್ಷ ಹೇಳಿದ್ದು ಇದೇ ಅಲ್ವಾ, ಎಷ್ಟು ಜನ ಇದ್ದೀರಿ ಅಂತ.

ಆಗ ಅಪ್ಪ ಒಂದು ಕಥೆ ಹೇಳಿದರು. ನಾನು ಕೇಳಿರದ ಕಥೆ.

ಎಪ್ಪತ್ತರ ದಶಕ. ಸುಬ್ಬತ್ತೆಗೆ ಹೆರಿಗೆ ನೋವು ಶುರುವಾಗಿ ಎತ್ತಿನ ಗಾಡಿಯಲ್ಲಿ ಹೊಳೆಗೆ ಬಂದರೆ ಕತ್ತಲಾಗಿದೆ. ಆ ಹೊತ್ತಲ್ಲಿ ಲಾಂಚ್ ಇಲ್ಲ. ಆಚೆ ಕೇಳಲಿ ಅಂತ ಅಪ್ಪ ಮತ್ತು ಮಾವ ಕೂಗಿದರಂತೆ, ಲಾಟೀನು ಆಡಿಸಿದರಂತೆ. ಗಾಳಿ ಜೋರಿತ್ತು. ಮಂಜಣ್ಣ ಹುಟ್ಟಿದ್ದು ಅಲ್ಲೇ ದಡದಲ್ಲಿ, ಗಾಡಿಯ ಹುಲ್ಲಿನ ಮೇಲೆ. ಬೆಳಗ್ಗೆ ಮೊದಲ ಲಾಂಚಿಗೆ ಬಾಣಂತಿ, ಮಗು ಇಬ್ಬರನ್ನೂ ಹತ್ತಿಸಿದರು. ಲಾಂಚಿನವರು ಬಿಸಿನೀರು ಕೊಟ್ಟರು. ಇಷ್ಟೇ. ಸೊಸೈಟಿಯ ಇಂಗ್ಲಿಷಿನಲ್ಲಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಫುಲ್ ನೈಟ್, ಮೇಡಂ. ವಿಂಡ್. ನೋ ಬೋಟ್."

ಅಜ್ಜಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪನ ಲೋಟಕ್ಕೆ ಮತ್ತೆ ಚಹಾ ಹಾಕಿದರು. ಸಕ್ಕರೆ ಮೂರು ಚಮಚ. ಅಪ್ಪನಿಗೆ ಶುಗರ್ ಇದೆ, ಬೇಡ ಅನ್ನಲಿಲ್ಲ.

ನಾನು ಲಾಂಚಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅಂಚಿಗೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ. ಸೇತುವೆ ಸುದ್ದಿ ಬಂದಾಗ "ಅಯ್ಯೋ, ಲಾಂಚಿನ ಮಜಾನೇ ಹೋಯ್ತಲ್ಲ" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರೆದವರು ನಾವು ಐದಾರು ಜನ. ಎಲ್ಲರೂ ಬೆಂಗಳೂರಿನವರು, ಕ್ಯಾಲ್ಗರಿಯವರು. ಮಂಜಣ್ಣ ಆ ಗ್ರೂಪಿನಲ್ಲಿದ್ದಾನೆ. ಏನೂ ಬರೆಯಲಿಲ್ಲ. ಸೇತುವೆ ಮೇಲೆ ಸ್ಕೂಟರಿನಲ್ಲಿ ಹೋಗುವ ವಿಡಿಯೋ ಹಾಕಿದ್ದ, ಅಷ್ಟೆ. ಅಪ್ಪ ತೋರಿಸಿದ್ದು ಅದೇ ವಿಡಿಯೋ.

ಅಪ್ಪ ವಾಪಸ್ ಕಾರಿಗೆ ಬಂದಾಗ ಕೇಳಿದೆ, "ನಮಗ್ಯಾಕೆ ಹೇಳ್ಲಿಲ್ಲ ಇದನ್ನ?"

"ನೀವು ಯಾವಾಗ ಕಾದಿದ್ರಿ ಹೇಳೋಕೆ?" ಅಂದರು. ಬೈಗುಳವೇನಲ್ಲ. ಕಿಟಕಿ ಏರಿಸಿ ಅಂದರು, ಸೊಳ್ಳೆ ಬರ್ತಿದೆ.

ಆದರೂ ನನಗೆ ಚುಚ್ಚಿತು. ಪ್ಲಾನ್ ಇಲ್ಲದೆ ಹೊರಡೋದು ಎಂಥ ಆರಾಮ ಅಂತ ಹತ್ತು ಜನರಿಗೆ ಹೇಳಿದವಳು ನಾನು. ಈಗಲೂ ಹೇಳುತ್ತೇನೆ, ಆರಾಮವೇ. ಇಲ್ಲಿ ಇಡೀ ರಾತ್ರಿ ಕಳೆದರೂ ನಮಗೆ ನಷ್ಟ ಏನಿಲ್ಲ. ಮಲಗಲು ಕಾರಿದೆ, ರಜೆ ಇನ್ನೂ ಇದೆ. ಆ ವಾಷಿಂಗ್ ಮೆಷಿನ್ ತಂದವರಿಗೆ ನಾಳೆ ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಅಜ್ಜಿ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರಂತೆ. ಈಗ ರಜಾ ದಿನ, ಆದರೂ ಬೇರೇನೋ ಕೆಲಸ ಹಿಡಿದಿದ್ದಾರೆ. ಏನು ಅಂತ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಲೋಡರ್ ಸದ್ದು.

ಹರಿ ಈಗಷ್ಟೇ ಬಂದ. ನೀರು ಇಳಿಯುತ್ತಿದೆ, ಮರ ಬರೋದು ಕಡಿಮೆಯಾಗಿದೆ, ನಡುರಾತ್ರಿಯೊಳಗೆ ಒಂದು ಟ್ರಿಪ್ ಬಿಡಬಹುದು ಅಂತ ಆ ಹುಡುಗ ಹೇಳಿದನಂತೆ. ಊರಿನವರನ್ನು ಮೊದಲು ಬಿಡುತ್ತಾರೆ, ಅದು ಸರಿ. ಮುಂದೆ ಮೆಕೆಂಝಿಗೆ ಇನ್ನೊಂದು ಫೆರ್ರಿ ಇದೆ. ಅದಕ್ಕೆ ಕೇಬಲ್ ಇಲ್ಲ, ಸ್ವಂತ ಎಂಜಿನ್. ಅಲ್ಲಿ ನೀರು ಹೇಗಿದೆಯೋ. ಇನುವಿಕ್ ಆದಮೇಲೆ ಟಕ್ಟೊಯಾಕ್ಟಕ್ ತನಕ, ಸಮುದ್ರಕ್ಕೆ ಹೋಗೋಣ ಅಂತ ಹರಿ. 2017ರಲ್ಲಿ ಆದ ರಸ್ತೆ, ಇನ್ನೂ 140 ಕಿ.ಮೀ. ಜಲ್ಲಿ. ಅಪ್ಪ ಹಿಂದಿನ ಸೀಟಿನಿಂದ "ನಾಳೆಯದ್ದು ನಾಳೆ ನೋಡೋಣ" ಅಂದರು. ಅಪ್ಪನ ಬಾಯಲ್ಲಿ ಈ ಮಾತು! ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ.

ಟೈರು ಒಂದೇ ಉಳಿದಿರೋದು ನನಗೆ ಸರಿ ಕಾಣುತ್ತಿಲ್ಲ. ಮ್ಯಾಕ್‌ಫರ್ಸನ್‌ನಲ್ಲಿ ರಿಪೇರಿ ಮಾಡುವವರು ಯಾರಾದರೂ ಇದ್ದಾರಾ ಅಂತ ಅಜ್ಜಿಯನ್ನೇ ಕೇಳಬೇಕು, ಅವರ ಗಾಡಿ ಹೊರಡುವ ಮೊದಲು. ಇಂಥ ರಸ್ತೆಯಲ್ಲಿ ಹಿಂದಿನ ಎಡಗಡೆ ಟೈರೇ ಮೊದಲು ಯಾಕೆ ಹೋಗುತ್ತದೋ, ಹರಿ ಏನೋ ಕಾರಣ ಹೇಳ್ತಾನೆ, ಆದರೆ