‘ಕೋರ್ಟ್ ಇರುವಾಗ ಹಿರಿಯರ ನ್ಯಾಯ ಇನ್ನೂ ಏಕೆ?’

ರೂಢಿಗತ ಕಾನೂನು, ಅಂದರೆ ಸಮುದಾಯದ ಹಿರಿಯರು ನ್ಯಾಯ ತೀರಿಸುವಾಗ ಬಳಸುವ ರೂಢಿಯ ನಿಯಮಗಳು, ನನ್ನ ಅಧ್ಯಯನದ ವಿಷಯ ಎಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಸರ್ಕಾರದ ಕೋರ್ಟ್‌ಗಳಿರುವಾಗ ಹಿರಿಯರ ನ್ಯಾಯ ಇನ್ನೂ ಏಕೆ ಬೇಕು? ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನನ್ನನ್ನು ಕೆರಳಿಸುವುದು ಆ ‘ಇನ್ನೂ’ ಎಂಬ ಪದ. ಹಿರಿಯರ ನ್ಯಾಯವೆಂದರೆ ಗುಡಿಸದೆ ಉಳಿದ ಹಳೆಯ ಕಸ, ಕೋರ್ಟ್ ಎಂದರೆ ಈಗ ತಾನೇ ಬಂದ ಪೊರಕೆ ಎಂಬ ಭಾವನೆ ಅದರಲ್ಲಿದೆ. ಪಪುವಾ ನ್ಯೂಗಿನಿ ಸ್ವತಂತ್ರವಾದದ್ದು 1975ರಲ್ಲಿ. ಅಲ್ಲಿನ ಗ್ರಾಮ ನ್ಯಾಯಾಲಯಗಳ ಕಾಯ್ದೆ ಬಂದದ್ದು 1973ರಲ್ಲಿ. ಊರಿನವರೇ ಕುಳಿತು, ವಕೀಲರಿಲ್ಲದೆ, ಊರಿನ ರೂಢಿಯಂತೆ ವ್ಯಾಜ್ಯ ಬಗೆಹರಿಸುವ ಆ ನ್ಯಾಯಾಲಯಗಳನ್ನು ಕಾನೂನು ಮಾಡಿ ಹೊಸದಾಗಿ ಸ್ಥಾಪಿಸಲಾಯಿತು. ಅದನ್ನು ಹಳೆಯದರ ಉಳಿಕೆ ಎನ್ನುವುದು ಹೇಗೆ?

ಎರಡೂ ಜೊತೆಯಲ್ಲಿ ಹೇಗೆ ನಡೆಯುತ್ತವೆ ಎಂದು ತಿಳಿಯಬೇಕಾದರೆ ದಕ್ಷಿಣ ಆಫ್ರಿಕಾವನ್ನು ನೋಡಬೇಕು. ರೂಢಿಗತ ಕಾನೂನು ಅನ್ವಯಿಸುವ ಸಂದರ್ಭದಲ್ಲಿ ಕೋರ್ಟ್‌ಗಳು ಅದನ್ನು ಅನ್ವಯಿಸಲೇಬೇಕು, ಆದರೆ ಸಂವಿಧಾನಕ್ಕೂ ಆ ಕುರಿತ ಶಾಸನಗಳಿಗೂ ಒಳಪಟ್ಟು ಅನ್ವಯಿಸಬೇಕು ಎಂದು ಅಲ್ಲಿನ 1996ರ ಸಂವಿಧಾನದ 211ನೇ ವಿಧಿ ಹೇಳುತ್ತದೆ. ರೂಢಿಯಂತೆ ನಡೆದ ಮದುವೆಗೆ 1998ರ ಕಾಯ್ದೆ ಪೂರ್ಣ ಮಾನ್ಯತೆ ಕೊಟ್ಟಿದೆ. ದಂಪತಿಯ ನಡುವೆ ಜಗಳವಾದರೆ ಹಿರಿಯರು ರಾಜಿ ಮಾಡಿಸಬಹುದು, ಆದರೆ ವಿಚ್ಛೇದನದ ಡಿಕ್ರಿಯನ್ನು ಕೋರ್ಟ್ ಮಾತ್ರವೇ ಕೊಡಬೇಕು. ಹೀಗೆ ಒಂದೇ ಮದುವೆ ಎರಡೂ ಕಡೆ ಕಾಲಿಟ್ಟು ನಿಂತಿರುತ್ತದೆ.

ಹಿಂದೊಮ್ಮೆ ಉಪನ್ಯಾಸ ಮುಗಿಸಿದಾಗ ಸಭಿಕರೊಬ್ಬರು ಎದ್ದು, “ಅದೆಲ್ಲ ಇರಲಿ, ನೀವು ಹೆಣ್ಣುಮಕ್ಕಳ ಪರವೋ, ಹಿರಿಯರ ಪರವೋ, ಒಂದು ಮಾತಿನಲ್ಲಿ ಹೇಳಿ” ಎಂದರು. ಒಂದು ಮಾತಿನಲ್ಲಿ ಹೇಳಲಾಗದೆ ನಾನು ತಡವರಿಸಿದೆ. ಅಷ್ಟರಲ್ಲಿ ಮೈಕು ಬೇರೊಬ್ಬರ ಕೈ ಸೇರಿತು. ಅಂದು ಹೇಳಬೇಕಾಗಿದ್ದದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಬಡಾವಣೆ ಖಾಯೆಲಿಷಾದ ಪ್ರಕರಣ. ಬಡಗಿಯೊಬ್ಬ ಸರ್ಕಾರದ ಸಹಾಯಧನದಿಂದ ಜಾಗವನ್ನೂ ಮನೆ ಕಟ್ಟುವ ಸಾಮಗ್ರಿಯನ್ನೂ ಕೊಂಡು, ಮನೆ ಏಳುವ ಮೊದಲೇ, ಆ ಜಾಗದ ತಾತ್ಕಾಲಿಕ ಸೂರಿನಡಿ ಬದುಕುತ್ತಿದ್ದಾಗಲೇ 2002ರಲ್ಲಿ ತೀರಿಕೊಂಡ. ಅವನಿಗೆ ಇಬ್ಬರು ಎಳೆಯ ಹೆಣ್ಣುಮಕ್ಕಳಿದ್ದರು; ಅವರ ತಾಯಿ ಮನೆಗೆಲಸದವಳು. ಗಂಡು ವಾರಸುದಾರನಿಗೇ ಆಸ್ತಿ ಎಂಬ ನಿಯಮದಂತೆ ಮಕ್ಕಳ ಅಜ್ಜನೇ ಏಕೈಕ ವಾರಸುದಾರನಾದ. ಅಂತ್ಯಕ್ರಿಯೆಯ ಖರ್ಚಿಗಾಗಿ ಆ ಜಾಗವನ್ನು ಮಾರುವುದಾಗಿ ಹೇಳಿದ.

ಆ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದು ಯಾವ ಹಿರಿಯರ ಸಭೆಯೂ ಅಲ್ಲ ಎಂಬುದನ್ನು ಗಮನಿಸಿ. ಅಜ್ಜನನ್ನು ವಾರಸುದಾರನೆಂದು ಗುರುತಿಸಿದ್ದು ಸರ್ಕಾರದ ಮ್ಯಾಜಿಸ್ಟ್ರೇಟ್; ಅದಕ್ಕೆ ಆಧಾರವಾದದ್ದು ಬಿಳಿಯರ ಆಳ್ವಿಕೆ 1927ರಲ್ಲಿ ಕಪ್ಪು ಜನರಿಗಾಗಿಯೇ ಮಾಡಿದ ಆಡಳಿತ ಕಾಯ್ದೆ. ಜನರ ಬದುಕಿನಲ್ಲಿ ರೂಢಿ ಬದಲಾಗುತ್ತಲೇ ಇತ್ತು. ಕಡತದಲ್ಲಿ ಅದು ಕಲ್ಲಾಗಿ ಕುಳಿತಿತ್ತು. 2004ರ ಅಕ್ಟೋಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಗಂಡು ವಾರಸಿಕೆಯ ನಿಯಮವನ್ನೂ 1927ರ ಕಾಯ್ದೆಯ ಸಂಬಂಧಪಟ್ಟ ಕಲಮನ್ನೂ ರದ್ದುಪಡಿಸಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿಯಸ್ ಲಾಂಗಾ. ನಿಯಮವನ್ನು ಕಿತ್ತೆಸೆಯುವ ಬದಲು ಹೆಣ್ಣುಮಕ್ಕಳಿಗೂ ಹಕ್ಕು ಬರುವಂತೆ ಅದನ್ನು ಬೆಳೆಸಬೇಕಿತ್ತು ಎಂದು ನ್ಯಾಯಮೂರ್ತಿ ಎನ್‌ಕೋಬೊ ಭಿನ್ನಮತ ಬರೆದರು. ಆ ಭಿನ್ನಮತವನ್ನು ನಾನು ಗೌರವದಿಂದ ಓದುತ್ತೇನೆ. ಆದರೂ ನನ್ನ ಒಲವು ಲಾಂಗಾ ಅವರ ಕಡೆಗೇ. ಒಂದೊಂದು ಪ್ರಕರಣದಲ್ಲಿ ಒಂದಿಷ್ಟು ಬೆಳೆಯುವ ಕಾನೂನನ್ನು ಕಾಯುತ್ತ ಕೂರುವಷ್ಟು ವ್ಯವಧಾನ ಸೂರು ಹೋಗುತ್ತಿರುವ ಮಕ್ಕಳಿಗೆ ಇರುವುದಿಲ್ಲ.

ಆದ್ದರಿಂದ ನೀವು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ‘ಇದು ನಮ್ಮ ರೂಢಿ’ ಎಂದು ಹೇಳುವ ಅಧಿಕಾರ ಯಾರದು? ಊರಿನ ಮುಖಂಡನದೋ, ಸರ್ಕಾರಿ ಕಡತದ್ದೋ, ಆ ರೂಢಿಯಲ್ಲಿ ಬದುಕುವ ಎಲ್ಲರದೋ? ಯಾರೂ ಇದನ್ನು ನನಗೆ ಕೇಳುವುದಿಲ್ಲ, ಆದರೂ ಉತ್ತರಿಸುತ್ತೇನೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ವಲೊಯಿ ಸಮುದಾಯದಲ್ಲಿ ಮುಖಂಡನಿಗೆ ‘ಹೋಸಿ’ ಎನ್ನುತ್ತಾರೆ. 1968ರಲ್ಲಿ ಹೋಸಿ ತೀರಿಕೊಂಡಾಗ ಗಂಡುಮಕ್ಕಳಿರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ಮಗಳನ್ನು ಬಿಟ್ಟು ಅವನ ತಮ್ಮನನ್ನು ಕೂರಿಸಲಾಯಿತು. 1996ರಲ್ಲಿ ರಾಜಮನೆತನವೇ ಸಭೆ ಸೇರಿ, ಹೊಸ ಸಂವಿಧಾನದ ಸಮಾನತೆಯನ್ನು ನೆನೆದು, ಮುಂದಿನ ಹೋಸಿ ಆ ಮಗಳೇ ಎಂದು ತೀರ್ಮಾನಿಸಿತು. ತಮ್ಮನ ಮಗ, ಇದು ರೂಢಿಗೆ ವಿರುದ್ಧ ಎಂದು ಕೋರ್ಟ್ ಮೆಟ್ಟಿಲೇರಿದ. ಕೆಳಗಿನ ಕೋರ್ಟ್‌ಗಳು ಅವನ ಪರವಾಗಿ ತೀರ್ಪಿತ್ತವು. ಹಳೆಯ ರೂಢಿಯನ್ನು ಕೋರ್ಟ್‌ಗಳು ಹಿಡಿದು ಕೂತಿದ್ದವು, ಹಿರಿಯರು ಆಗಲೇ ಅದನ್ನು ದಾಟಿದ್ದರು. 2008ರ ಜೂನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪುಗಳನ್ನು ಬದಿಗಿರಿಸಿ, ತನ್ನ ರೂಢಿಯನ್ನು ಬೆಳೆಸುವ ಅಧಿಕಾರ ಆ ಸಮುದಾಯಕ್ಕೆ ಇದೆ ಎಂದು ಹೇಳಿತು. ನಲವತ್ತು ವರ್ಷಗಳ ಹಿಂದೆ ತಪ್ಪಿಹೋಗಿದ್ದ ಪೀಠ ಆ ಮಗಳಿಗೆ ಸಂದಿತು.