ತಳಂಗರೆ ಅಳಿವೆ, ಬೆಳಿಗ್ಗೆ 6.20

ನಮ್ಮ ಶಾಲೆಯ ವಿಜ್ಞಾನದ ಮಾಷ್ಟ್ರು ತೀರಿಕೊಂಡ ಸುದ್ದಿ ನನಗೆ ಮುಂಬಯಿಯಲ್ಲಿ ಮೂರು ದಿನ ತಡವಾಗಿ ಸಿಕ್ಕಿತು. ಆಮೇಲೆ ಶಾಲೆಯ ಸಂಚಿಕೆಯವರು ಫೋನ್ ಮಾಡಿ, "ನೀವು ಅವರ ಮೆಚ್ಚಿನ ಶಿಷ್ಯ, ನೀವೇ ಬರೆಯಬೇಕು" ಎಂದರು. ಮೆಚ್ಚಿನವನೋ ಅಲ್ಲವೋ ಓದಿದ ಮೇಲೆ ನೀವೇ ಹೇಳಿ. ನಮ್ಮ ಬ್ಯಾಚಿನಲ್ಲಿ ಕೆಮಿಸ್ಟ್ರಿಯನ್ನೇ ಹೊಟ್ಟೆಪಾಡು ಮಾಡಿಕೊಂಡವನು ನಾನೊಬ್ಬನೇ. ಮೂವತ್ತು ವರ್ಷ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದು, ಕೊನೆಗೆ ಅದರ ಮುಖ್ಯಸ್ಥನಾಗಿಯೇ ನಿವೃತ್ತನಾದೆ. ಇದನ್ನು ಇಲ್ಲಿ ಹೇಳಬೇಕಾಗಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ.

1981ರಲ್ಲಿ ನಾನು ಹತ್ತನೇ ತರಗತಿ. ಆ ವರ್ಷ ಏನು ಪಾಠ ಇತ್ತು ಎಂದು ಕೇಳಬೇಡಿ, ಒಂದೂ ನೆನಪಿಲ್ಲ. ನೆನಪಿರುವುದು ಶನಿವಾರದ ವಿಜ್ಞಾನ ಸಂಘ, ಮರದ ಸ್ಟ್ಯಾಂಡಿಗೆ ಕಟ್ಟಿದ ಒಂದೇ ಒಂದು ಬ್ಯೂರೆಟ್ (ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ), ಮತ್ತೆ ನಮ್ಮ ಮಾಷ್ಟ್ರು. ಬಿಳಿ ಪಂಚೆ, ಬಿಳಿ ಅಂಗಿ. ಬಲಗೈಯ ಎರಡು ಬೆರಳು ಮಾತ್ರ ಯಾವಾಗಲೂ ಕಪ್ಪು. ಸಿಲ್ವರ್ ನೈಟ್ರೇಟ್ ತಾಗಿದ ಕಲೆ ಅದು. ಹುಣಸೆಹುಳಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಚರ್ಮವೇ ಸವೆದು ಹೊಸದು ಬರಬೇಕು. ನಮ್ಮ ಕೈಗೂ ಆ ಕಲೆ ಬಂದ ದಿನ ದೊಡ್ಡ ವಿಜ್ಞಾನಿಗಳಾದ ಹಾಗೆ ಊರಿಡೀ ಕೈ ತೋರಿಸಿಕೊಂಡು ತಿರುಗಿದ್ದೆವು.

ಸಮುದ್ರದ ನೀರು ತಂದು ಅದರ ಉಪ್ಪು ಅಳೆಯುವುದು ಸಂಘದ ಕೆಲಸ. ಪುಸ್ತಕದಲ್ಲಿ ಇದು ಇರಲಿಲ್ಲ. ಸಮುದ್ರ ಪಕ್ಕದಲ್ಲೇ ಇದೆ, ದುಡ್ಡು ಕೊಡಬೇಕಾಗಿಲ್ಲ, ಅಷ್ಟೇ ಅವರ ಕಾರಣ. ಆದರೆ ಬಾಟಲಿ ತುಂಬಿಸುವುದಕ್ಕೇ ಅವರು ಒಂದು ತಿಂಗಳು ಕಲಿಸಿದರು. ಮೊದಲು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಮೇಲ್ಮೈಯ ನೊರೆ ಬೇಡ, ಮೊಣಕೈವರೆಗೆ ಕೈ ಇಳಿಸಿ ಅಲ್ಲಿ ಮುಚ್ಚಳ ತೆಗೆಯಬೇಕು. ಚೀಟಿಯನ್ನು ಅಲ್ಲೇ, ಒದ್ದೆ ಕೈಯಲ್ಲೇ, ಪೆನ್ಸಿಲಿನಲ್ಲಿ ಬರೆಯಬೇಕು. ಜಾಗ, ಹೊತ್ತು, ಉಬ್ಬರವೋ ಇಳಿತವೋ. "ಚೀಟಿ ಇಲ್ಲದ ಬಾಟಲಿ ಬರೀ ಕೊಳಕು ನೀರು ಮಾರಾಯ" ಎನ್ನುತ್ತಿದ್ದರು.

ಲ್ಯಾಬಿನ ಕೆಲಸ, ಅಂದರೆ ಟೈಟ್ರೇಶನ್, ಚಂದ ಇತ್ತು. ಹತ್ತು ಮಿಲಿಲೀಟರ್ ಸಮುದ್ರದ ನೀರನ್ನು ನೂರಕ್ಕೆ ತೆಳು ಮಾಡುವುದು. ಅದರಲ್ಲಿ ಹತ್ತು ತೆಗೆದು ಪೊಟ್ಯಾಸಿಯಂ ಕ್ರೋಮೇಟ್ ಎರಡು ಹನಿ ಬಿಡುವುದು. ನೀರು ಹಳದಿ. ಮೇಲಿಂದ ಸಿಲ್ವರ್ ನೈಟ್ರೇಟ್ ಬೀಳುತ್ತಾ ಹೋದ ಹಾಗೆ ಬಿಳಿ ಮೊಸರು ಕಟ್ಟುತ್ತದೆ. ಕ್ಲೋರೈಡ್ ಮುಗಿದ ಕ್ಷಣ ಒಂದೇ ಹನಿಗೆ ಇಟ್ಟಿಗೆ ಬಣ್ಣ ತಿರುಗುತ್ತದೆ. ಅಲ್ಲಿ ನಿಲ್ಲಿಸಬೇಕು. ಬಂದ ಕ್ಲೋರಿನ್ ಲೆಕ್ಕವನ್ನು 1.80655ರಿಂದ ಗುಣಿಸಿದರೆ ಲವಣಾಂಶ, ಅಂದರೆ ಒಂದು ಕಿಲೋ ನೀರಿನಲ್ಲಿ ಎಷ್ಟು ಗ್ರಾಂ ಉಪ್ಪು ಎಂಬ ಲೆಕ್ಕ. ಆ ಸಂಖ್ಯೆ ನನಗೆ ಇವತ್ತಿಗೂ ಬಾಯಿಪಾಠ, ಹೆಂಡತಿಯ ಫೋನ್ ನಂಬರ್ ಇಲ್ಲ. ಬಳಸಿದ ನೀರನ್ನು ಚೆಲ್ಲಿದರೆ ಬೈಗುಳ. ಕಂದು ಜಾಡಿಗೆ ಸುರಿಯಬೇಕು. "ಬೆಳ್ಳಿ ಅದು, ನಿನ್ನ ಅಪ್ಪ ಕೊಡ್ತಾನಾ?"

ಉಪ್ಪಿನ ಲೆಕ್ಕ ನಮ್ಮೂರಿಗೆ ಸುಮ್ನೆ ಆಟ ಆಗಿರಲಿಲ್ಲ. ಬೇಸಗೆಯಲ್ಲಿ ಉಬ್ಬರದ ನೀರು ಚಂದ್ರಗಿರಿ ಹೊಳೆಯೊಳಗೆ, ಪೇಟೆಗೆ ಕುಡಿಯುವ ನೀರು ಎತ್ತುವ ಬಾವಿಕ್ಕೆರೆವರೆಗೂ ಏರಿ, ಕಾಸರಗೋಡು ಪೇಟೆಯವರು ವರ್ಷಗಟ್ಟಲೆ ನಳ್ಳಿಯಲ್ಲಿ ಉಪ್ಪುನೀರು ಕುಡಿದಿದ್ದಾರೆ. ಹೊಳೆಯಲ್ಲಿ ಉಪ್ಪು ಎಲ್ಲಿವರೆಗೆ ಬರುತ್ತದೆ ಎಂದು ನೋಡುವುದು ಮಾಷ್ಟ್ರ ಆಸೆ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ನನಗೆ ಬಂದದ್ದು ಹೊಳೆ ಸಮುದ್ರ ಸೇರುವ ತಳಂಗರೆಯ ಅಳಿವೆ, ನಸುಕಿನ ಇಳಿತದ ಹೊತ್ತು.

ಅಕ್ಟೋಬರ್ ತಿಂಗಳು. ಹಿಂದಿನ ರಾತ್ರಿ ನಮ್ಮಲ್ಲಿ ಯಕ್ಷಗಾನ ಇತ್ತು. ಬೆಳಗಿನ ಜಾವ ಮನೆಗೆ ಬಂದು ಚಾಪೆ ಮೇಲೆ ಬಿದ್ದವನಿಗೆ ಎಚ್ಚರವಾದಾಗ ಎಂಟೂವರೆ. ಸಮುದ್ರದ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪು ಎಂದು ಗೊತ್ತಿತ್ತಲ್ಲ. ಅಂಗಡಿಯ ತಕ್ಕಡಿಯಲ್ಲಿ ಕಲ್ಲುಪ್ಪು ತೂಗಿಸಿಕೊಂಡೆ. ಮನೆಯ ಬಾವಿ ನೀರಿನಲ್ಲಿ ಕದಡಿದೆ, ಪಂಚೆಯಲ್ಲಿ ಸೋಸಿದೆ, ಬಾಟಲಿಗೆ ತುಂಬಿಸಿದೆ. ಚೀಟಿ ಬರೆದೆ: ತಳಂಗರೆ ಅಳಿವೆ, ಬೆಳಿಗ್ಗೆ 6.20, ಇಳಿತ. ಆ 20 ನಿಮಿಷ ಹಾಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬರೀ ಆರು ಎಂದು ಹಾಕಿದರೆ ಸುಳ್ಳು ಅನಿಸುತ್ತದೆ, ಅಲ್ವಾ?

ಟೈಟ್ರೇಶನ್ ಸೊಗಸಾಗಿ ಬಂತು. ಲವಣಾಂಶ 34ರ ಹತ್ತಿರ. ಮಾಷ್ಟ್ರು ಪುಸ್ತಕ ನೋಡಿದರು, ಕಿಟಕಿಯಾಚೆ ನೋಡಿದರು.

"ಮಳೆ ನಿಂತು ಹದಿನೈದು ದಿನ ಆಗಲಿಲ್ಲ. ಹೊಳೆ ತುಂಬಿ ಹರಿಯುತ್ತಾ ಇದೆ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಇಷ್ಟು ಉಪ್ಪು ಎಲ್ಲಿಂದ ಬಂತು?"

ನಾನು ಸಮುದ್ರದ ಕಡೆ ಕೈ ತೋರಿಸಿದೆ.

ಅವರು ಬೈಯಲಿಲ್ಲ. ಎರಡು ಪ್ರನಾಳ ತೆಗೆದುಕೊಂಡರು. ಒಂದಕ್ಕೆ ನನ್ನ ನೀರು, ಇನ್ನೊಂದಕ್ಕೆ ಬೇಕಲದ ಹುಡುಗ ದೋಣಿಯಲ್ಲಿ ಹೋಗಿ ತಂದ ನೀರು. ಎರಡಕ್ಕೂ ಸ್ವಲ್ಪ ಆಮ್ಲ, ಆಮೇಲೆ ಸಲ್ಫೇಟ್ ಇದ್ದರೆ ಬೆಳ್ಳಗೆ ತೋರಿಸಿಕೊಡುವ ಬೇರಿಯಂ ಕ್ಲೋರೈಡ್. ಬೇಕಲದ ನೀರು ಗಟ್ಟಿ ಮಜ್ಜಿಗೆಯಾಯಿತು. ನನ್ನದು ಸ್ವಲ್ಪ ಮಬ್ಬಾಯಿತು, ಅಷ್ಟೇ.

ಆವತ್ತು ಅವರು ಚಾಲೆಂಜರ್ ಹಡಗಿನ ಕಥೆ ಹೇಳಿದರು. 1872ರಿಂದ 1876ರವರೆಗೆ ಅದು ಲೋಕವೆಲ್ಲ ಸುತ್ತಿ ನೀರು ತಂದಿತಂತೆ. ಡಿಟ್‌ಮಾರ್ ಎಂಬ ರಸಾಯನಜ್ಞ ಅದರಲ್ಲಿ 77 ಬಾಟಲಿ ಪರೀಕ್ಷಿಸಿದ. ಉಪ್ಪು ಹೆಚ್ಚುಕಮ್ಮಿ ಇರಬಹುದು, ಆದರೆ ಅದರೊಳಗೆ ಕ್ಲೋರೈಡ್, ಸಲ್ಫೇಟ್, ಮೆಗ್ನೀಸಿಯಂ ಇವುಗಳ ಪಾಲು ಎಲ್ಲ ಸಮುದ್ರದಲ್ಲೂ ಸುಮಾರಾಗಿ ಒಂದೇ. ಅದಕ್ಕೇ ಕ್ಲೋರೈಡ್ ಒಂದನ್ನು ಅಳೆದರೆ ಉಳಿದದ್ದರ ಲೆಕ್ಕ ಸಿಗುತ್ತದೆ. "ಸಮುದ್ರದ ನೀರು ಒಂದು ಕಿಲೋ ತಂದರೆ ಅದರಲ್ಲಿ ಸಲ್ಫೇಟ್ ಎರಡೂಮುಕ್ಕಾಲು ಗ್ರಾಂ ಹತ್ತಿರ ಇರಲೇಬೇಕು. ಉಪ್ಪು ತೆಗೆಯುವವರು ಅದನ್ನು ಹೆಚ್ಚಿನಂಶ ಉಪ್ಪಿನ ಗದ್ದೆಯಲ್ಲೇ ಬಿಟ್ಟಿರುತ್ತಾರೆ." ಇಷ್ಟನ್ನೂ ಇಡೀ ತರಗತಿಗೆ ಹೇಳಿದರು, ನನ್ನ ಮುಖ ಒಮ್ಮೆಯೂ ನೋಡಲಿಲ್ಲ. ಕೊನೆಗೆ ಬಾಟಲಿಯ ಬಿರಡೆ ಬಿಗಿದು ಕಪಾಟಿನಲ್ಲಿಟ್ಟರು.

ಮುಂದಿನ ಶನಿವಾರ ನಸುಕಿನಲ್ಲಿ ನಮ್ಮ ಮನೆಯಂಗಳದಲ್ಲಿ ಟಾರ್ಚ್ ಬೆಳಕು. ಮಾಷ್ಟ್ರೇ ಬಂದಿದ್ದರು. ಇಬ್ಬರೂ ಮಾತಿಲ್ಲದೆ ಅಳಿವೆಗೆ ಹೋದೆವು. ಪಂಚೆ ಎತ್ತಿ ಕಟ್ಟಿ ಅವರೂ ಸೊಂಟದವರೆಗೆ ನೀರಿಗಿಳಿದರು. ಆವತ್ತಿನ ಲವಣಾಂಶ 11. ಆ ಹನ್ನೊಂದರಷ್ಟು ಖುಷಿ ನನಗೆ ಯಾವ ಪರೀಕ್ಷೆಯ ಮಾರ್ಕೂ ಕೊಟ್ಟಿಲ್ಲ.

ಈಗಿನ ಮಕ್ಕಳು ಟೈಟ್ರೇಶನ್ನನ್ನು ಮೊಬೈಲಿನಲ್ಲಿ ನೋಡುತ್ತಾರೆ. ಬಣ್ಣ ಸರಿಯಾದ ಹನಿಗೇ ತಿರುಗುತ್ತದೆ, ಯಾರ ಕೈಯೂ ಕಪ್ಪಾಗುವುದಿಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವ ಗಡಿನಾಡಿನ ಕಥೆ ಬೇರೆ ಇದೆ. ಬೈಯಲು ಹೋದರೆ ಪುಟ ಸಾಲದು. ನಮ್ಮ ಮಾಷ್ಟ್ರು ಬೈದದ್ದೂ ಕನ್ನಡದಲ್ಲಿ, ಬೇರಿಯಂ ಕ್ಲೋರೈಡ್ ಹಾಕಿದ್ದೂ ಕನ್ನಡದಲ್ಲಿ.

ಶ್ರದ್ಧಾಂಜಲಿ ಸಭೆಗೆ ಊರಿಗೆ ಬಂದಿದ್ದೆ. ನಾನೂ ನಾಲ್ಕು ಮಾತಾಡಿದೆ. ಲ್ಯಾಬಿನ ವಿಷಯ, ಮುಖ್ಯಸ್ಥನಾದ ವಿಷಯ ಎಲ್ಲ ಬಂತು. ಆಮೇಲೆ ಚಹಾ ಕುಡಿಯುವಾಗ 1996ರ ಬ್ಯಾಚಿನ ಹೆಣ್ಣುಮಗಳೊಬ್ಬಳು ಹೇಳಿದಳು: "ಮಾಷ್ಟ್ರು ಪ್ರತಿವರ್ಷ ಮೊದಲ ದಿನ ಒಂದು ಹಳೆ ಬಾಟಲಿ ತೋರಿಸ್ತಾ ಇದ್ದರು. ಚೀಟಿ ಓದಿ, ಇದರಲ್ಲಿ ಏನು ಸುಳ್ಳು ಅಂತ ಪರೀಕ್ಷೆ ಮಾಡಿ ಹೇಳಿ ಅಂತಿದ್ದರು. ಯಾರದ್ದು ಅಂತ ಎಷ್ಟು ಕೇಳಿದರೂ ಹೆಸರು ಹೇಳಲಿಲ್ಲ. ನಿಮಗೆ ಗೊತ್ತುಂಟಾ?"

ಗೊತ್ತಿಲ್ಲ ಎಂದು ಚಹಾ ಮುಗಿಸಿದೆ.

ಆ ಬಾಟಲಿ ನನ್ನದು, ತಂಗೀ. ಆ 6.20ಕ್ಕೆ ನಾನು ಗೊರಕೆ ಹೊಡೆಯುತ್ತಿದ್ದೆ.